ಗಿರಿಗ್ರಾಮಗಳ ಎಲ್ಲೆಯೂ ನಕಾಶೆಯೂ ಅಭ್ಯುದಯವೂ

೧. ಉಪಕ್ರಮ

ಒಂದು ಊರಿಗೆ ಬಾವಿಯನ್ನು ತೋಡಿಸಬೇಕಾದರೂ, ದಾರಿಯನ್ನು ಕಡಿಸಬೇಕಾದರೂ, ಪಾಠಶಾಲೆಯನ್ನು ಸ್ಥಾಪಿಸಬೇಕಾದರೂ, ಆ ಊರು ಎಲ್ಲಿದೆ, ಅದರ ಎಲ್ಲೆ ಯಾವುದು, ಅಲ್ಲಿ ಒಕ್ಕಲುಗಳೆಷ್ಟು ಎಂಬುದು ಮೊದಲು ಬರೆಹದಲ್ಲಿರಬೇಕು. ಬಯಲುಸೀಮೆಯ ಗ್ರಾಮಗಳಿಗೆ ಈ ಬರೆಹವು ಬಹುಕಾಲದಿಂದ ಒದಗಿಬಂದಿದೆ. ಊರಿನ ಸುತ್ತಲೂ ಹೊಲ, ಹೊಲದ ಮೂಲೆಗೆ ಬಾಂದುಕಲ್ಲು, ಕಲ್ಲಿಗೆ ತಕ್ಕಂತೆ ಕಾಗದದಲ್ಲಿ ಗೆರೆ. ಇವು ಒಂದನ್ನೊಂದು ಸಮರ್ಥಿಸುತ್ತ ನಿಂತಿವೆ. ಮಲೆಯ ಊರುಗಳ ಸಂಗತಿಯು ಹಾಗಲ್ಲ. ಒಂದು ಕಣಿವೆಯಲ್ಲಿ ನಾಲ್ಕು ಮನೆ, ಹಳ್ಳವನ್ನು ದಾಟಿದರೆ ಎರಡು ಮನೆ, ಏರನ್ನು ಹತ್ತಿದರೆ ಮತ್ತೆ ಐದು ಮನೆ. ಹೀಗಿರುವ ವಸತಿಗಳು ನಕಾಶೆಯಲ್ಲಿ ಒಂದೇ ಹೆಸರಿನ ಕೆಳಗೆ ಅಡಗಿಹೋಗುವುವು. ಹಲವು ವೇಳೆ ಹೆಸರೇ ಇಲ್ಲದೆ ಕಾಡೆಂಬ ಹಸುರು ಬಣ್ಣದೊಳಗೆ ಲೀನವಾಗುವುವು. ನಕಾಶೆಯಲ್ಲಿ ಇಲ್ಲದ ಊರಿಗೆ ಯೋಜನೆಯೂ ಇಲ್ಲವೆಂಬುದು ಆಡಳಿತದ ಕಟುವಾದ ನಿಯಮ.

ಭೂಪಟವು ತಾನಾಗಿ ಏನನ್ನೂ ಹೇಳುವುದಿಲ್ಲ. ಅದನ್ನು ಬರೆಸಿದವರು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರವನ್ನು ಕೊಡುವುದು. ಕಂದಾಯವೆಷ್ಟೆಂದು ಕೇಳಿದವರಿಗೆ ಹೊಲಗಳನ್ನೂ, ಮರವೆಷ್ಟೆಂದು ಕೇಳಿದವರಿಗೆ ಕಾಡನ್ನೂ, ಸೈನ್ಯವು ಹೋಗುವ ದಾರಿ ಯಾವುದೆಂದು ಕೇಳಿದವರಿಗೆ ಘಟ್ಟಗಳನ್ನೂ ಅದು ತೋರಿಸಿತು. ಇಲ್ಲಿ ವಾಸಮಾಡುವವರು ಯಾರು, ಅವರಿಗೆ ಬೇಕಾದುದೇನು ಎಂಬ ಪ್ರಶ್ನೆಯು ಬಹಳ ತಡವಾಗಿ ಹುಟ್ಟಿತು. ಈ ಪ್ರಶ್ನೆಯ ಇತಿಹಾಸವನ್ನು ಕನ್ನಡನಾಡಿನ ಮಲೆಗಳ, ಅದರಲ್ಲಿಯೂ ಬಿಳಿಗಿರಿರಂಗನ ಬೆಟ್ಟದ ದೃಷ್ಟಾಂತದಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨. ಶಾಸ್ತ್ರದಲ್ಲಿ ಎಲ್ಲೆ

ಸೀಮೆಯ ವಿಷಯದಲ್ಲಿ ನಮ್ಮ ಪ್ರಾಚೀನರು ಉದಾಸೀನರಾಗಿರಲಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಎರಡು ಗ್ರಾಮಗಳ ನಡುವಣ ಸೀಮಾವಿವಾದವನ್ನು ಬಗೆಹರಿಸುವ ಕ್ರಮವು ವಿಸ್ತಾರವಾಗಿ ಹೇಳಲ್ಪಟ್ಟಿದೆ. ಆಲ, ಅರಳಿ, ಮುತ್ತುಗ, ಬೂರುಗ ಮೊದಲಾದ ಮರಗಳನ್ನು ಎಲ್ಲೆಗೆ ಗುರುತಾಗಿ ನೆಡಬೇಕು. ಕೆರೆ, ಬಾವಿ, ಕಾಲುವೆ, ದೇವಾಲಯಗಳನ್ನು ಎಲ್ಲೆಗಳು ಕೂಡುವ ಎಡೆಯಲ್ಲಿ ಮಾಡಿಸಬೇಕು. ಕಣ್ಣಿಗೆ ಕಾಣುವ ಗುರುತು ಕಾಲವಶದಿಂದ ಅಳಿಯಬಹುದಾದುದರಿಂದ ಕಲ್ಲು, ಎಲುಬು, ಹೊಟ್ಟು, ಬೂದಿ, ಬೋಕಿ, ಇಟ್ಟಿಗೆ, ಇದ್ದಿಲು, ಮರಳು ಮುಂತಾದ ಬೇಗನೆ ನಶಿಸದ ವಸ್ತುಗಳನ್ನು ನೆಲದೊಳಗೆ ಗುಪ್ತವಾಗಿ ಹೂಳಿಡಬೇಕು. ಈ ಗುರುತುಗಳಿಂದಲೂ ನಿರ್ಣಯವಾಗದಿದ್ದರೆ ಸಾಕ್ಷಿಗಳನ್ನು ಕೇಳಬೇಕು.

ಪ್ರಕೃತಕ್ಕೆ ಮುಖ್ಯವಾದ ಅಂಶವು ಇಲ್ಲಿಯೇ ಇದೆ. ನೆರೆಯ ಗ್ರಾಮಗಳವರು ದೊರೆಯದಿದ್ದಲ್ಲಿ ಯಾರನ್ನು ಕೇಳಬೇಕೆಂದರೆ, ಬೇಡರು, ಹಕ್ಕಿ ಹಿಡಿಯುವವರು, ಗೋವಳರು, ಬೆಸ್ತರು, ಗೆಡ್ಡೆಗಳನ್ನು ಅಗೆಯುವವರು, ಹಾವಾಡಿಗರು, ತೆನೆಯಾಯ್ದು ಬದುಕುವವರು, ಕಾಡಿನಲ್ಲಿ ಸಂಚರಿಸುವ ಇತರರು, ಇವರನ್ನು ಕೇಳಬೇಕೆಂದು ಸ್ಮೃತಿಕಾರನು ವಿಧಿಸಿದ್ದಾನೆ. ಯಾಜ್ಞವಲ್ಕ್ಯನೂ ಸೀಮಾವಿವಾದ ಪ್ರಕರಣದಲ್ಲಿ ನೆರೆಯವರು, ವೃದ್ಧರು, ಗೋವಳರು, ಎಲ್ಲೆಯ ಬಳಿ ಉಳುವವರು, ವನಗೋಚರರು ಇವರೆಲ್ಲರನ್ನೂ ಒಂದೇ ಸಾಲಿನಲ್ಲಿ ಹೆಸರಿಸಿದ್ದಾನೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಆದುದರಿಂದ ಈ ವಿಧಿಯು ಕನ್ನಡನಾಡಿನ ರಾಜಧಾನಿಯಲ್ಲಿಯೇ ವ್ಯಾಖ್ಯಾತವಾದ ವಿಧಿಯಾಗಿದೆ. ನೆಲವನ್ನು ಕಾಲಿನಿಂದ ತಿಳಿದವನ ಮಾತಿಗೆ ಪ್ರಾಮಾಣ್ಯವುಂಟೆಂಬುದು ಇದರ ತಾತ್ಪರ್ಯ.

ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೊಂದು ಬಗೆಯಿಂದ ಉಪಯುಕ್ತವಾಗಿದೆ. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡುಹಿಡಿದು ೧೯೦೯ರಲ್ಲಿ ಪ್ರಕಟಿಸಿದ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ, ಐದು ಅಥವಾ ಹತ್ತು ಗ್ರಾಮಗಳ ಲೆಕ್ಕವನ್ನಿಡುವ ಗೋಪನೆಂಬ ಅಧಿಕಾರಿಯ ಕರ್ತವ್ಯಗಳು ಹೇಳಲ್ಪಟ್ಟಿವೆ. ಅವನು ಬರೆದಿಡಬೇಕಾದವು ಹೊಲಗದ್ದೆಗಳು ಮಾತ್ರವೇ ಅಲ್ಲ. ಉತ್ತ ನೆಲ, ಉಳದ ನೆಲ, ತೋಟ, ಕಾಡು, ಮನೆ, ಚೈತ್ಯವೃಕ್ಷ, ದೇವಾಲಯ, ಕಟ್ಟೆ, ಶ್ಮಶಾನ, ಅನ್ನಸತ್ರ, ಅರವಟಿಗೆ, ಪುಣ್ಯಸ್ಥಾನ, ಗೋಮಾಳ, ದಾರಿ, ಇವೆಲ್ಲವೂ ಆ ಪಟ್ಟಿಯಲ್ಲಿ ಸೇರಿವೆ. ತೆರಿಗೆಯನ್ನು ಕೊಡದ ಶ್ಮಶಾನವೂ ಅರವಟಿಗೆಯೂ ರಾಜನ ಲೆಕ್ಕದಲ್ಲಿ ಬರಬೇಕೆಂಬುದನ್ನು ಗಮನಿಸತಕ್ಕದ್ದು.

ನಿಘಂಟುಕಾರನೂ ಈ ವಸತಿಗಳನ್ನು ಮರೆಯಲಿಲ್ಲ. ಅಮರಸಿಂಹನು ಪುರವರ್ಗದ ಕೊನೆಯಲ್ಲಿ ಸೀಮಾಶಬ್ದವನ್ನು ಹೇಳಿದ ಕೂಡಲೆ, ಗೊಲ್ಲರ ಹಳ್ಳಿಗೆ ಘೋಷವೆಂದೂ ಶಬರರ ವಾಸಸ್ಥಾನಕ್ಕೆ ಪಕ್ಕಣವೆಂದೂ ಹೆಸರನ್ನು ಕೊಟ್ಟಿದ್ದಾನೆ. ನಗರದಿಂದ ಮೊದಲಾದ ವರ್ಗವು ಕಾಡಿನವರ ಹಾಡಿಯಲ್ಲಿ ಮುಗಿಯುವುದು.

ಆದರೂ ಪ್ರಾಚೀನ ಕಾಲವನ್ನು ಅಗತ್ಯಕ್ಕೆ ಮೀರಿ ಹೊಗಳುವುದು ಇತಿಹಾಸಧರ್ಮವಲ್ಲ. ಸ್ಮೃತಿಗಳಲ್ಲಿ ವನಚರರು ಸಾಕ್ಷಿಗಳು ಮಾತ್ರ. ಅವರು ಹೇಳಬೇಕಾದುದು ಬೇರೆಯವರ ಗ್ರಾಮದ ಎಲ್ಲೆಯನ್ನು. ಅವರಿಗೇ ಒಂದು ಎಲ್ಲೆಯಿದೆ, ಅದನ್ನು ರಾಜನು ಮಾನ್ಯಮಾಡಬೇಕು ಎಂಬ ಮಾತು ಅಲ್ಲಿ ದೊರೆಯುವುದಿಲ್ಲ. ಈ ಕೊರತೆಯು ತುಂಬಿಬಂದುದು ಇಪ್ಪತ್ತೊಂದನೆಯ ಶತಮಾನದಲ್ಲಿ.

೩. ಶಾಸನಗಳ ಎಲ್ಲೆ

ಶಾಸ್ತ್ರದಲ್ಲಿ ಹೇಳಿದುದು ಬಳಕೆಯಲ್ಲಿಯೂ ಇತ್ತೆಂಬುದಕ್ಕೆ ಶಾಸನಗಳೇ ಪ್ರಮಾಣ. ತಲಕಾಡಿನ ಗಂಗರ ತಾಮ್ರಪಟಗಳಲ್ಲಿ ವಂಶಾವಳಿಯೂ ಪ್ರಶಸ್ತಿಯೂ ಸಂಸ್ಕೃತದಲ್ಲಿದ್ದು, ದತ್ತಿಯ ಭೂಮಿಯ ಎಲ್ಲೆಯನ್ನು ಹೇಳುವ ಕಡೆಯಲ್ಲಿ ಭಾಷೆಯು ಕನ್ನಡಕ್ಕೆ ತಿರುಗುವುದನ್ನು ಹಲವೆಡೆ ಕಾಣಬಹುದು. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಕ್ರಮವಾಗಿ ಸುತ್ತಿ ಬರುತ್ತ, ಆಲದ ಮರ, ಹುಣಿಸೆಯ ಮರ, ಹುತ್ತ, ಹಳ್ಳ, ಹೆಗ್ಗಲ್ಲು, ಮೂರು ಊರುಗಳ ಎಲ್ಲೆ ಸೇರುವ ಮುಕ್ಕೂಡಲು ಎಂಬ ಗುರುತುಗಳು ಹೇಳಲ್ಪಡುತ್ತವೆ. ಇದಕ್ಕೆ ಕಾರಣವು ಸ್ಪಷ್ಟ. ರಾಜನ ಕೀರ್ತಿಯನ್ನು ವಿದ್ವಾಂಸರು ಓದಿದರೆ ಸಾಕು. ಎಲ್ಲೆಯನ್ನು ಮಾತ್ರ ಅಲ್ಲಿಯೇ ಬಾಳುವವರು ತಿಳಿಯಬೇಕು. ಅವರ ಮಾತಿನಲ್ಲಿಲ್ಲದ ಎಲ್ಲೆಯು ನೆಲದ ಮೇಲೆ ನಿಲ್ಲದು.

ನೆಲದಲ್ಲಿಯೂ ಗುರುತುಕಲ್ಲುಗಳನ್ನು ನೆಡಿಸುತ್ತಿದ್ದರು. ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲು, ಶೈವ ದತ್ತಿಗೆ ಲಿಂಗಮುದ್ರೆಯ ಕಲ್ಲು, ಜೈನ ದತ್ತಿಗೆ ಮುಕ್ಕೊಡೆಯ ಕಲ್ಲು ಇಂದಿಗೂ ಹೊಲಗಳ ನಡುವೆ ನಿಂತಿರುವುದುಂಟು. ಅಳತೆಗೆ ಗಳೆಗಳಿದ್ದುವು; ಬಳ್ಳಿಗಾವೆಯ ಕಡೆಯಲ್ಲಿ ಭೇರುಂಡಗಳೆಯೆಂಬುದು ಪ್ರಸಿದ್ಧವಾಗಿತ್ತು. ನೆಲವು ಏರುತಗ್ಗಾಗಿರುವ ಮಲೆನಾಡಿನಲ್ಲಿ ಗಳೆಗಿಂತಲೂ ಬಿತ್ತುವ ಬೀಜದ ಪ್ರಮಾಣದಿಂದ ಗದ್ದೆಯನ್ನು ಎಣಿಸುವುದೇ ಸುಲಭವಾಗಿದ್ದಿತು. ಇಷ್ಟು ಖಂಡುಗದ ಗದ್ದೆಯೆಂಬ ಮಾತು ಆ ಪದ್ಧತಿಯ ಕುರುಹು. ಈ ಅಳತೆಗಳು ಏಕರೂಪವಾಗಿರಲಿಲ್ಲ. ಒಂದು ನಾಡಿನ ಲೆಕ್ಕವು ಮತ್ತೊಂದು ನಾಡಿಗೆ ಸಲ್ಲುತ್ತಿರಲಿಲ್ಲ. ಇಂತಹ ನಾನಾತ್ವವನ್ನು ಹೊಸದಾಗಿ ಬಂದ ಸರ್ಕಾರವು ಸಹಿಸುವಂತಿರಲಿಲ್ಲ.

೪. ಸರಪಳಿಯ ಕಾಲ

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಕೂಡಲೆ ಮೈಸೂರು ಸೀಮೆಯ ಮೇಲೆ ಮೂರು ಬಗೆಯ ಶೋಧನೆಗಳು ಹೆಚ್ಚುಕಡಮೆ ಏಕಕಾಲದಲ್ಲಿ ಮೊದಲಾದುವು. ಕಾಲಿನ್ ಮೆಕೆಂಜಿಯು ಮೈಸೂರಿನ ಮೋಜಣಿಯನ್ನು ಕೈಕೊಂಡು ಊರು, ಕೋಟೆ, ಕೆರೆ, ದಾರಿಗಳನ್ನು ಗುರುತಿಸಿದುದಲ್ಲದೆ, ಕಾವಲಿ ವೆಂಕಟ ಬೊರ್ರಯ್ಯ ಮತ್ತು ಅವನ ಸಹೋದರರ ಸಹಾಯದಿಂದ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದನು. ಫ್ರಾನ್ಸಿಸ್ ಬುಕ್ಯಾನನನು ೧೮೦೦–೧೮೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳಲ್ಲಿ ಸಂಚರಿಸಿ ಬೆಳೆ, ಕೈಗಾರಿಕೆ, ವ್ಯಾಪಾರಗಳನ್ನು ವಿಚಾರಿಸಿದನು. ಅವನ ಪ್ರವಾಸವೃತ್ತಾಂತವು ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಸೋಲಿಗರನ್ನು ಕಂಡು, ಅವರು ಬೆಂಕಿಯ ಸುತ್ತ ಬಾಳೆಯೆಲೆಗಳನ್ನು ಹಾಸಿ ಹೊದೆದು ಮಲಗುವುದನ್ನು ಬರೆದವನು ಇವನೇ. ವಿಲಿಯಂ ಲ್ಯಾಂಬ್ಟನನು ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು, ೧೮೦೨ರಲ್ಲಿ ಮದರಾಸಿನಿಂದ ಮಹಾತ್ರಿಕೋಣ ಮೋಜಣಿಯನ್ನು ಆರಂಭಿಸಿದನು. ಪೂರ್ವಸಮುದ್ರದಿಂದ ಪಶ್ಚಿಮಸಮುದ್ರದವರೆಗೆ ಹಿಂದಿನ ನಕಾಶೆಗಳು ತೋರಿಸಿದ್ದುದಕ್ಕಿಂತ ಸುಮಾರು ೪೦ ಮೈಲಿ ಕಡಮೆಯೆಂಬುದು ಇವನ ಅಳತೆಯಿಂದ ಗೊತ್ತಾಯಿತು. ತರುವಾಯ ೧೮೧೫–೧೮೧೭ರಲ್ಲಿ ಕಾನರ್ ಎಂಬ ಅಧಿಕಾರಿಯು ಕೊಡಗನ್ನು ಅಳೆದು ಅದರ ವಿವರಣೆಯನ್ನು ಬರೆದನು.

ಇವರ ಪರಿಶ್ರಮವು ಸಾಮಾನ್ಯವಾದುದಲ್ಲ. ಮಲೆಜ್ವರದಿಂದ ನರಳುತ್ತ, ದಟ್ಟವಾದ ಕಾಡಿನಲ್ಲಿ ಮರಗಳನ್ನು ಕಡಿಸಿ ದೃಷ್ಟಿಗೆ ದಾರಿಮಾಡಿಕೊಂಡು, ಶಿಖರದಿಂದ ಶಿಖರಕ್ಕೆ ಕೋನಗಳನ್ನು ಹಿಡಿದರು. ಆದರೆ ತ್ರಿಕೋಣದ ಮೋಜಣಿಗೆ ಬೆಟ್ಟದ ತುದಿ ಬೇಕು. ಬೆಟ್ಟದ ಮಡಿಲಲ್ಲಿರುವ ಮನೆ ಬೇಕಿಲ್ಲ. ಶಿಖರಗಳ ಎತ್ತರವು ಅಡಿಗಳಲ್ಲಿ ತಿಳಿದ ಮೇಲೆಯೂ ಅವುಗಳ ಕೆಳಗಿನ ಹಾಡಿಗಳ ಹೆಸರು ತಿಳಿಯದೆ ಹೋದುದು ಆಶ್ಚರ್ಯವಲ್ಲ.

೧೮೬೩ರಲ್ಲಿ ಬೌರಿಂಗನು ಮೈಸೂರಿನ ಕಮಿಷನರಾಗಿದ್ದಾಗ ಮುಂಬಯಿಯ ಪದ್ಧತಿಯಂತೆ ಕಂದಾಯದ ಮೋಜಣಿಯು ಪ್ರಾರಂಭವಾಯಿತು. ೩೩ ಅಡಿಯ ಸರಪಳಿ. ಅದರ ಚಚ್ಚೌಕವು ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ. ಸರ್ವೆ ನಂಬರು, ಟಿಪ್ಪಣಿ, ಆಕಾರಬಂದು, ಗ್ರಾಮನಕಾಶೆ, ಹದ್ದುಬಸ್ತು ಎಂಬ ಮಾತುಗಳು ಶ್ಯಾನುಭೋಗನ ಬಾಯಲ್ಲಿ ನೆಲೆಗೊಂಡುವು. ಇದರಿಂದ ರೈತನಿಗೆ ದೊಡ್ಡ ಉಪಕಾರವಾಯಿತೆಂಬುದರಲ್ಲಿ ಸಂಶಯವಿಲ್ಲ. ತನ್ನ ಹೊಲವೆಷ್ಟು, ತಾನು ಕೊಡತಕ್ಕ ಕಂದಾಯವೆಷ್ಟು ಎಂಬುದು ನಿಶ್ಚಿತವಾಯಿತು. ಆದರೆ ಇದೇ ಹೊತ್ತಿನಲ್ಲಿ, ೧೮೬೪ನೆಯ ಜನವರಿಯಲ್ಲಿ, ಮೈಸೂರಿನ ಅರಣ್ಯ ಇಲಾಖೆಯೂ ಸ್ಥಾಪಿತವಾಯಿತು. ನೆಲವು ಎರಡಾಗಿ ಒಡೆಯಿತು: ಕಂದಾಯದ ನೆಲ, ಅರಣ್ಯದ ನೆಲ. ಮೊದಲನೆಯದರಲ್ಲಿ ಗುಂಟೆಗುಂಟೆಗೂ ಲೆಕ್ಕ. ಎರಡನೆಯದರಲ್ಲಿ ಹೊರ ಎಲ್ಲೆಗೂ ಬೆಲೆಬಾಳುವ ಮರಕ್ಕೂ ಮಾತ್ರ ಲೆಕ್ಕ. ಕಾಡನ್ನು ಕಡಿದು ಸುಟ್ಟು ಬಿತ್ತಿ, ಕೆಲವು ವರ್ಷಗಳ ತರುವಾಯ ಬೇರೆಡೆಗೆ ಸಾಗುವ ಕುಮರಿ ಬೇಸಾಯವು ಈ ಎರಡರೊಳಗೂ ಸೇರಲಿಲ್ಲ. ನಿಂತ ಹೊಲವಿಲ್ಲದವನಿಗೆ ಸರ್ವೆ ನಂಬರಿಲ್ಲ; ಸರ್ವೆ ನಂಬರಿಲ್ಲದವನಿಗೆ ಊರಿಲ್ಲ. ಹೀಗೆ ಸರಪಳಿಯು ಹಿಡಿಯದ ಜನರು ತಾವಿದ್ದ ನೆಲದಲ್ಲಿಯೇ ಅತಿಕ್ರಮಣಕಾರರೆನಿಸಿಕೊಂಡರು.

ಹೊಲಗದ್ದೆಗಳಿದ್ದ ಮಲೆನಾಡಿಗರ ಪಾಡು ಇಷ್ಟು ಕಠಿನವಾಗಿರಲಿಲ್ಲ. ಉತ್ತರಕನ್ನಡದ ಸೊಪ್ಪಿನಬೆಟ್ಟ, ದಕ್ಷಿಣಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಶಿವಮೊಗ್ಗೆಯ ಕಾನು ಎಂಬ ಹಕ್ಕುಗಳು ಗದ್ದೆತೋಟಗಳನ್ನು ಅವಲಂಬಿಸಿ ದಾಖಲೆಯಲ್ಲಿ ಹೇಗೋ ಉಳಿದುಕೊಂಡುವು. ಕಾಡೇ ಹೊಲವಾಗಿದ್ದವರಿಗೆ ಅಂತಹ ಆಸರೆಯೂ ಇರಲಿಲ್ಲ.

೫. ಭುಜ, ಕೋಟಿ, ಕರ್ಣ

ಮಲೆಯ ಊರನ್ನು ನಕಾಶೆಯಲ್ಲಿ ಗುರುತಿಸಿದ ಮಾತ್ರಕ್ಕೆ ಅದರ ಸ್ಥಿತಿಯು ಸ್ಪಷ್ಟವಾಗುವುದಿಲ್ಲ. ಇದಕ್ಕೆ ಗಣಿತದ ಕಾರಣವೊಂದುಂಟು. ಮೋಜಣಿಯಲ್ಲಿ ದೂರವನ್ನು ಸಮತಲವಾಗಿಯೇ ಅಳೆಯಬೇಕು. ಇಳಿಜಾರಿನಲ್ಲಿ ಸರಪಳಿಯನ್ನು ಮಟ್ಟವಾಗಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಸಾಗುವರು. ಲೀಲಾವತಿಯನ್ನು ಓದಿದವರಿಗೆ ಭುಜ, ಕೋಟಿ, ಕರ್ಣಗಳ ಸಂಬಂಧವು ತಿಳಿದಿದೆ. ನಕಾಶೆಯು ತೋರಿಸುವುದು ಭುಜವನ್ನು. ಮನುಷ್ಯನು ನಡೆಯುವುದು ಕರ್ಣದ ಮೇಲೆ. ಭುಜವು ೪, ಕೋಟಿಯು ೩ ಆದರೆ ಕರ್ಣವು ೫. ನಕಾಶೆಯಲ್ಲಿ ೪ ಮೈಲಿಯೆಂದು ಕಂಡುದು ಅಂತಹ ಏರಿನಲ್ಲಿ ೫ ಮೈಲಿಯ ನಡಿಗೆ; ಅದೂ ದಾರಿಯು ನೆಟ್ಟಗಿದ್ದರೆ. ಹಳ್ಳವು ತುಂಬಿದಾಗ ಸುತ್ತಿಬರುವ ದಾರಿ, ಆನೆಯ ಭಯದಿಂದ ಬಿಟ್ಟುಬಿಡುವ ದಾರಿ, ಇವು ಯಾವ ಸೂತ್ರಕ್ಕೂ ಸಿಗುವುದಿಲ್ಲ. ಹೊತ್ತು ಹೆರಬೇಕಾದ ಬಸುರಿಯನ್ನು ಡೋಲಿಯಲ್ಲಿ ಹೊತ್ತು ಇಳಿಸುವವರಿಗೆ ಬೇಕಾದ ಲೆಕ್ಕವು ಮೈಲಿಯದಲ್ಲ, ಗಳಿಗೆಯದು.

ಎರಡನೆಯ ಕಾರಣವು ವಸತಿಯ ಸ್ವರೂಪ. ಜನಗಣತಿಯ ಗ್ರಾಮಪಟ್ಟಿಗೆ ಆಧಾರವು ಕಂದಾಯಗ್ರಾಮ. ಮಲೆನಾಡಿನ ಒಂದು ಕಂದಾಯಗ್ರಾಮದೊಳಗೆ ದೂರದೂರದ ಹಲವು ಮಜರೆಗಳು ಸೇರಿರುತ್ತವೆ. ಅವುಗಳಲ್ಲಿ ಒಂದರಲ್ಲಿ ಶಾಲೆಯಿದ್ದರೆ ಗ್ರಾಮಕ್ಕೇ ಶಾಲೆಯಿದೆಯೆಂದು ಬರೆಯಲ್ಪಡುವುದು. ಬೆಟ್ಟದಾಚೆಯ ಮಜರೆಯ ಮಕ್ಕಳು ಅಲ್ಲಿಗೆ ಬರಲಾರರೆಂಬುದು ಪಟ್ಟಿಯಲ್ಲಿ ಕಾಣಿಸದು.

ಅಭ್ಯುದಯದ ಯೋಜನೆಗಳ ಇತಿಹಾಸದಲ್ಲಿ ಈ ತೊಡಕನ್ನು ಅಧಿಕಾರಿಗಳು ಕ್ರಮೇಣ ಅರಿತುಕೊಂಡುದು ಕಂಡುಬರುತ್ತದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (೧೯೧೨–೧೯೧೮) ಮಲೆನಾಡಿನ ಸುಧಾರಣೆಗೆಂದು ಪ್ರತ್ಯೇಕವಾದ ಏರ್ಪಾಡು ನಡೆಯಿತು. ಬಯಲಿನ ಕ್ರಮವು ಮಲೆಗೆ ಹೊಂದದೆಂಬ ತಿಳಿವಳಿಕೆಯು ಅದರಲ್ಲಿಯೇ ಅಡಗಿದೆ. ೨೦೦೦ದ ಡಿಸೆಂಬರ್ ೨೫ರಂದು ಪ್ರಾರಂಭವಾದ ಪ್ರಧಾನಮಂತ್ರಿ ಗ್ರಾಮಸಡಕ್ ಯೋಜನೆಯು ಕಂದಾಯಗ್ರಾಮವನ್ನು ಬಿಟ್ಟು ಜನವಸತಿಯನ್ನೇ ಲೆಕ್ಕದ ಘಟಕವಾಗಿ ತೆಗೆದುಕೊಂಡಿತು. ಬಯಲಿನಲ್ಲಿ ೫೦೦ ಜನರೂ, ಗುಡ್ಡಗಾಡಿನ ರಾಜ್ಯಗಳಲ್ಲಿ, ಮರುಭೂಮಿಯಲ್ಲಿ, ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಲ್ಲಿ ೨೫೦ ಜನರೂ ಇರುವ ವಸತಿಗೆ ಎಲ್ಲ ಋತುಗಳಲ್ಲಿಯೂ ನಡೆಯುವ ರಸ್ತೆಯೆಂಬುದು ಅದರ ನಿಯಮ. ಬೆಟ್ಟದ ಸೀಮೆಯಲ್ಲಿ ಹಾದಿಯ ದೂರವು ಒಂದೂವರೆ ಕಿಲೋಮೀಟರಿನೊಳಗಿದ್ದರೆ ಹತ್ತಿರದ ವಸತಿಗಳನ್ನು ಕೂಡಿಸಿ ಎಣಿಸಬಹುದೆಂದೂ ಹೇಳಿತು. ಭುಜವನ್ನು ಬಿಟ್ಟು ಕರ್ಣವನ್ನು ಎಣಿಸಿದುದು ಇಲ್ಲಿ ವಿಶೇಷ. ಆದರೆ ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶವೊಂದೂ ಘೋಷಿತವಾಗಿಲ್ಲ; ಹತ್ತು ಹನ್ನೆರಡು ಮನೆಯ ಹಾಡಿಗೆ ೨೫೦ ಎಂಬ ಸಂಖ್ಯೆಯೂ ದೂರವೇ.

೬. ಬಿಳಿಗಿರಿಯ ದೃಷ್ಟಾಂತ

ಈ ಎಲ್ಲ ಸಂಗತಿಗಳೂ ಒಂದೇ ಕಡೆಯಲ್ಲಿ ಕೂಡಿಬಂದಿರುವುದು ಇಂದಿನ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ. ಈ ಮಲೆಯು ಹಿಂದೆ ಒಂದೇ ಆಡಳಿತಕ್ಕೆ ಸೇರಿರಲಿಲ್ಲ. ಯಳಂದೂರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲ್ಪಟ್ಟಿತು. ಚಾಮರಾಜನಗರದ ಕಡೆಯು ಮೈಸೂರಿನದು. ಪೂರ್ವದ ಕೊಳ್ಳೇಗಾಲದ ಭಾಗವು ೧೯೫೬ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಬೆಟ್ಟದ ಮೇಲೆ ಬಾಳುವ ಸೋಲಿಗರಿಗೆ ಈ ಮೂರು ಎಲ್ಲೆಗಳಲ್ಲಿ ಒಂದೂ ತಮ್ಮದಾಗಿರಲಿಲ್ಲ. ಅವರ ಎಲ್ಲೆಯೇ ಬೇರೆ.

ಸೋಲಿಗರಲ್ಲಿ ಎಲ್ಲೆಯೆಂಬ ಶಬ್ದವು ಗೆರೆಯನ್ನು ಹೇಳುವುದಿಲ್ಲ, ನೆಲವನ್ನು ಹೇಳುವುದು. ಒಂದೊಂದು ಕುಲಕ್ಕೆ ಸೇರಿದ ಎಲ್ಲೆಯೊಳಗೆ ದೇವರ ಸ್ಥಾನ, ಮಾರಮ್ಮನ ಸ್ಥಾನ, ವೀರು, ಹಿರಿಯರನ್ನು ಮಣ್ಣುಮಾಡಿದ ಕಲ್ಲುಗುಡಿ, ನೀರಿನ ಅಬ್ಬಿ ಇವು ಇರುವುವು. ಬಿಳಿಗಿರಿರಂಗನು ಸೋಲಿಗರ ಕುಸುಮಾಲೆಯನ್ನು ವರಿಸಿದನೆಂದೂ ಅದರಿಂದ ತಮಗೆ ಭಾವನಾದನೆಂದೂ ಅವರ ನಂಬಿಕೆ. ದೊಡ್ಡಸಂಪಿಗೆಯೆಂಬ ಮಹಾವೃಕ್ಷವು ಅವರಿಗೆ ಪೂಜ್ಯಸ್ಥಾನ. ಮರ, ಕಲ್ಲು, ನೀರು, ದೇವರು ಇವುಗಳಿಂದ ನೆಲವನ್ನು ಗುರುತಿಸುವ ಈ ಕ್ರಮವು ಗಂಗರ ತಾಮ್ರಪಟದ ಕ್ರಮಕ್ಕೂ ಮನುವಿನ ವಿಧಿಗೂ ಎಷ್ಟು ಸಮೀಪವಾಗಿದೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಒಂದೇ ಭೇದವೆಂದರೆ ಇದು ತಾಮ್ರದಲ್ಲಿ ಕೊರೆಯಲ್ಪಡದೆ ನೆನಪಿನಲ್ಲಿಯೂ ಹಾಡಿನಲ್ಲಿಯೂ ಉಳಿದುಬಂದಿತು.

೧೯೭೪ರಲ್ಲಿ ಈ ಕಾಡು ವನ್ಯಜೀವಿಧಾಮವೆಂದು ಘೋಷಿತವಾಯಿತು. ೧೯೮೭ರಲ್ಲಿ ಅದರ ವಿಸ್ತಾರವು ಸುಮಾರು ೫೪೦ ಚದರ ಕಿಲೋಮೀಟರಿಗೆ ಬೆಳೆಯಿತು. ಬೇಸಾಯವೂ ಬೇಟೆಯೂ ನಿಂತುಹೋದುವು. ಕಾಡಿನಲ್ಲಿ ಅಲ್ಲಲ್ಲಿ ಚದುರಿದ್ದ ಪೋಡುಗಳವರನ್ನು ತಂದು ದಾರಿಯ ಬಳಿಯ ಕೆಲವು ನೆಲೆಗಳಲ್ಲಿ ಇರಿಸಿದರು. ಇದರಿಂದ ವಿಲಕ್ಷಣವಾದ ಪರಿಣಾಮವಾಯಿತು. ಮನೆಗಳು ಒಂದೆಡೆಯಲ್ಲಿ, ಕಲ್ಲುಗುಡಿಗಳು ಮತ್ತೊಂದೆಡೆಯಲ್ಲಿ. ಇಂದು ನಿಂತಿರುವ ಮನೆಗಳನ್ನು ಮಾತ್ರ ಗುರುತಿಸುವ ನಕಾಶೆಯನ್ನು ಬರೆದರೆ, ಹಿಂದೆ ಅವರು ಎಲ್ಲಿದ್ದರೆಂಬುದಕ್ಕೆ ಸಾಕ್ಷ್ಯವೇ ಇಲ್ಲದಂತಾಗುವುದು. ನಕಾಶೆಯು ನಿಜವನ್ನು ಹೇಳುತ್ತಲೇ ಇತಿಹಾಸವನ್ನು ಅಳಿಸಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯಲಾರದು.

೧೯೮೧ರಲ್ಲಿ ಡಾಕ್ಟರ್ ಎಚ್. ಸುದರ್ಶನರು ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ವೈದ್ಯದಿಂದ ಮೊದಲಾದ ಕಾರ್ಯವು ಶಾಲೆಗೂ ಕಸುಬುಗಳಿಗೂ ಹಬ್ಬಿತು. ಕಾಡಿನ ಜೇನು, ನೆಲ್ಲಿಕಾಯಿ, ಸೀಗೆ, ಕಲ್ಲುಹೂವುಗಳನ್ನು ಸಹಕಾರ ಸಂಘದ ಮೂಲಕ ಮಾರಿ ಸೋಲಿಗರು ಜೀವಿಸುತ್ತಿದ್ದರು. ವನ್ಯಜೀವಿ ಸಂರಕ್ಷಣೆಯ ಕಾನೂನಿಗೆ ೨೦೦೨ರಲ್ಲಿ ಆದ ತಿದ್ದುಪಡಿಯ ತರುವಾಯ ಈ ಸಂಗ್ರಹಣೆಗೂ ತಡೆಯುಂಟಾಯಿತು. ಆಸ್ಪತ್ರೆಯೂ ಶಾಲೆಯೂ ಬಂದಿದ್ದರೂ ನೆಲದ ಮೇಲಣ ಹಕ್ಕು ಬಾರದಿದ್ದರೆ ಅಭ್ಯುದಯವು ಬೇರಿಲ್ಲದ ಗಿಡವೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

೭. ವನಗೋಚರರ ಸಾಕ್ಷ್ಯ

೨೦೦೬ರ ಅರಣ್ಯ ಹಕ್ಕುಗಳ ಕಾನೂನು ಈ ಚರಿತ್ರೆಯಲ್ಲಿ ಒಂದು ಸಂಧಿಕಾಲ. ಅದರ ಮೂರನೆಯ ಪ್ರಕರಣದಲ್ಲಿ, ಅರಣ್ಯಗ್ರಾಮಗಳನ್ನೂ ಹಳೆಯ ವಸತಿಗಳನ್ನೂ ಮೋಜಣಿಯಾಗದ ಗ್ರಾಮಗಳನ್ನೂ ಕಂದಾಯಗ್ರಾಮಗಳಾಗಿ ಪರಿವರ್ತಿಸುವ ಹಕ್ಕು ಹೇಳಲ್ಪಟ್ಟಿದೆ. ಮೋಜಣಿಯಾಗದ ಗ್ರಾಮವೆಂಬ ವಸ್ತುವು ಉಂಟೆಂದು ಕಾನೂನೇ ಒಪ್ಪಿಕೊಂಡುದು ಸಣ್ಣ ಮಾತಲ್ಲ. ಅದೇ ಪ್ರಕರಣವು ಶಾಲೆ, ಔಷಧಾಲಯ, ಅಂಗನವಾಡಿ, ನ್ಯಾಯಬೆಲೆಯ ಅಂಗಡಿ, ವಿದ್ಯುತ್ತಿನ ತಂತಿ, ಕೆರೆ, ಕುಡಿಯುವ ನೀರು, ರಸ್ತೆ, ಸಮುದಾಯಭವನ ಮೊದಲಾದ ೧೩ ಬಗೆಯ ಸೌಕರ್ಯಗಳಿಗೆ, ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಮೆ ನೆಲ, ಹೆಕ್ಟೇರಿಗೆ ೭೫ ಮರಗಳನ್ನು ಮೀರದ ಕಡಿತ ಎಂಬ ಕ್ಲುಪ್ತಿಯಿಂದ, ಗ್ರಾಮಸಭೆಯ ಶಿಫಾರಸಿನ ಮೇಲೆ ಅರಣ್ಯಭೂಮಿಯನ್ನು ಕೊಡಲು ಅವಕಾಶಮಾಡಿತು. ಎಂದರೆ ಹಕ್ಕೂ ಯೋಜನೆಯೂ ಒಂದೇ ನಕಾಶೆಯ ಮೇಲೆ ನಿಲ್ಲಬೇಕಾಯಿತು.

೨೦೦೮ರ ನಿಯಮಗಳಲ್ಲಿ ಸಾಕ್ಷ್ಯದ ವಿಷಯವು ಬಂದಿದೆ. ಸರ್ಕಾರದ ದಾಖಲೆಗಳೊಡನೆ ಪವಿತ್ರ ವೃಕ್ಷ, ದೇವರ ಕಾಡು, ಕೊಳ, ನದೀತೀರ, ಶ್ಮಶಾನ, ಗೆಡ್ಡೆಗೆಣಸುಗಳನ್ನು ತೆಗೆಯುವ ಎಡೆ, ಮೇವಿನ ನೆಲ ಇವೂ, ಹಕ್ಕನ್ನು ಕೇಳದ ಇತರ ವೃದ್ಧರು ಹೇಳಿ ಬರೆಯಿಸಿದ ಮಾತೂ ಪ್ರಮಾಣವೆಂದು ಗ್ರಾಹ್ಯವಾದುವು. ಮೂಲಗಳನ್ನು ಅಗೆಯುವವರು, ಗೋವಳರು, ವೃದ್ಧರು, ವನಗೋಚರರು ಎಂಬ ಸ್ಮೃತಿಯ ಸಾಲನ್ನು ಇದರೊಡನೆ ಇಟ್ಟು ನೋಡಬೇಕು. ನಿಯಮವನ್ನು ರಚಿಸಿದವರು ಸ್ಮೃತಿಯನ್ನು ನೋಡಿ ಬರೆದರೆಂದು ಹೇಳುವುದಕ್ಕೆ ಆಧಾರವಿಲ್ಲ. ನೆಲವನ್ನು ಬಲ್ಲವರನ್ನು ಕೇಳದೆ ಗತಿಯಿಲ್ಲವೆಂಬ ಸಾಮಾನ್ಯ ನ್ಯಾಯವು ಎರಡು ಕಾಲಗಳಲ್ಲಿ ಎರಡು ಬಗೆಯಾಗಿ ಪ್ರಕಟವಾಯಿತೆಂದು ತಿಳಿದರೆ ಸಾಕು. ಭೇದವು ಮಾತ್ರ ದೊಡ್ಡದು. ಅಂದು ಪರರ ಎಲ್ಲೆಗೆ ಸಾಕ್ಷಿಯಾಗಿದ್ದವರು ಇಂದು ತಮ್ಮ ಎಲ್ಲೆಗೆ ತಾವೇ ಒಡೆಯರಾಗಿ ನುಡಿಯತಕ್ಕವರಾದರು. ೨೦೧೨ರ ತಿದ್ದುಪಡಿಯು, ಉಪಗ್ರಹದ ಚಿತ್ರವು ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಸ್ಥಾನದಲ್ಲಿ ನಿಲ್ಲತಕ್ಕದ್ದಲ್ಲವೆಂದು ಸ್ಪಷ್ಟಪಡಿಸಿತು. ಆಕಾಶದಿಂದ ನೋಡುವ ಕಣ್ಣಿಗೆ ಮರದ ನೆತ್ತಿ ಕಾಣುವುದು, ಮರದ ಕೆಳಗಿನ ಕಲ್ಲು ಕಾಣದು.

ಬಿಳಿಗಿರಿಯಲ್ಲಿ ಈ ಕಾರ್ಯವು ಕ್ರಮವಾಗಿ ನಡೆಯಿತು. ಸೋಲಿಗ ಹಿರಿಯರು ಮುಂದೆ ನಡೆದರು. ಸ್ಥಾನವನ್ನು ತಿಳಿಸುವ ಯಂತ್ರವನ್ನು ಹಿಡಿದ ಸಂಶೋಧಕರು ಹಿಂದೆ ನಡೆದರು. ಬೆಂಗಳೂರಿನ ಏಟ್ರೀ ಎಂಬ ಸಂಶೋಧನಸಂಸ್ಥೆಯ ಸುಷ್ಮಿತಾ ಮಂಡಲ್, ನಿತಿನ್ ರೈ, ಸೋಲಿಗರವರೇ ಆದ ಸಿ. ಮಾದೇಗೌಡ ಇವರು ಈ ಶೋಧನೆಯನ್ನು ವಿದ್ವಲ್ಲೋಕಕ್ಕೆ ತಿಳಿಸಿದರು. ನಾನೂರಕ್ಕೂ ಮಿಕ್ಕಿದ ಸ್ಥಾನಗಳು ಹೆಸರಿನೊಡನೆ ನಕಾಶೆಗೆ ಬಂದುವು. ಎಲ್ಲೆಗಳ ಹರವು ಕಣ್ಣಿಗೆ ಕಂಡಿತು. ೨೦೧೧ರ ಜನವರಿಯಲ್ಲಿ ಈ ಕಾಡು ಹುಲಿಯ ಸಂರಕ್ಷಿತ ಪ್ರದೇಶವಾಗಿದ್ದಿತು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಸೋಲಿಗರ ೨೫ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳು ಮಾನ್ಯವಾದುವು. ಹುಲಿಯ ಕಾಡಿನಲ್ಲಿ ಮನುಷ್ಯನ ಎಲ್ಲೆಯೂ ಸಲ್ಲುವುದೆಂದು ದೇಶಕ್ಕೆ ತೋರಿಸಿದ ಮೊದಲ ನಿದರ್ಶನಗಳಲ್ಲಿ ಇದೊಂದು.

೮. ಇನ್ನು ಬರೆಯತಕ್ಕ ನಕಾಶೆ

ಹಕ್ಕಿನ ನಕಾಶೆಯಾದ ಮೇಲೆ ಅಭ್ಯುದಯದ ನಕಾಶೆಯು ಆಗಬೇಕು. ಕರ್ನಾಟಕ ಸರ್ಕಾರವು ಭೂಸುಧಾರಣೆಯ ಕಾನೂನಿಗೆ ತಿದ್ದುಪಡಿಯನ್ನು ತಂದು, ತಾಂಡ, ಹಟ್ಟಿ, ಹಾಡಿ, ಮಜರೆ, ದೊಡ್ಡಿ, ಪಾಳ್ಯ ಮೊದಲಾದ ದಾಖಲೆಯಿಲ್ಲದ ವಸತಿಗಳವರಿಗೆ ಮನೆಯ ನಿವೇಶನದ ಒಡೆತನವನ್ನು ಕೊಡುವ ದಾರಿಯನ್ನು ತೆರೆದಿದೆ. ೨೦೨೦ರ ಏಪ್ರಿಲ್ ೨೪ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಾರುವ ಯಂತ್ರಗಳಿಂದ ಊರಿನ ಮನೆಗಳ ಅಳತೆಯು ನಡೆಯುವುದು. ಇವೆಲ್ಲವೂ ಶ್ಲಾಘ್ಯವೇ. ಆದರೆ ದಟ್ಟವಾದ ಮಲೆಯಲ್ಲಿ ಕಾಲುನಡಿಗೆಯ ಶೋಧನೆಗೆ ಬದಲಿಲ್ಲ.

ಅಂತಹ ನಕಾಶೆಯಲ್ಲಿ ಏನೇನು ಇರತಕ್ಕದ್ದೆಂಬುದನ್ನು ಮೇಲಿನ ಇತಿಹಾಸವೇ ಸೂಚಿಸುತ್ತದೆ. ಮೊದಲನೆಯದಾಗಿ, ಪ್ರತಿಯೊಂದು ಪೋಡು ಅಥವಾ ಮಜರೆಯೂ ಅಲ್ಲಿಯವರು ಕರೆಯುವ ಹೆಸರಿನಿಂದಲೇ ಬರಬೇಕು. ಪುರಾಣಿ, ಕೆರೆದಿಂಬ, ಯರಕನಗದ್ದೆಗಳಂತಹ ಹೆಸರುಗಳು ಲಿಪಿಕಾರನ ಕೈಯಲ್ಲಿ ವಿಕಾರಗೊಳ್ಳಬಾರದು. ಎರಡನೆಯದಾಗಿ, ಸಮತಲದ ದೂರದೊಡನೆ ಕಾಲುನಡಿಗೆಯ ಹೊತ್ತನ್ನೂ, ಮಳೆಗಾಲದಲ್ಲಿ ಕಡಿದುಹೋಗುವ ದಾರಿಗಳನ್ನೂ ಬರೆಯಬೇಕು. ಮೂರನೆಯದಾಗಿ, ಬೇಸಗೆಯಲ್ಲಿ ಬತ್ತುವ ನೀರು ಯಾವುದು, ಬತ್ತದ ನೀರು ಯಾವುದು ಎಂಬ ಭೇದವು ಕಾಣಬೇಕು. ನಾಲ್ಕನೆಯದಾಗಿ, ದೇವರ ಸ್ಥಾನಗಳೂ ಕಲ್ಲುಗುಡಿಗಳೂ, ಜನರು ತೋರಿಸಲು ಒಪ್ಪಿದಷ್ಟು ಮಾತ್ರ, ಗುರುತಾಗಬೇಕು. ಗುಪ್ತವಾದುದನ್ನು ಗುಪ್ತವಾಗಿಯೇ ಇಡುವ ಅಧಿಕಾರವು ಅವರದು. ಐದನೆಯದಾಗಿ, ಅಲ್ಲಿಗೆ ಬಂದ ಪ್ರತಿಯೊಂದು ಯೋಜನೆಯನ್ನೂ ಅದರ ವರ್ಷದೊಡನೆಯೂ ಇಂದಿನ ಸ್ಥಿತಿಯೊಡನೆಯೂ ಬರೆಯಬೇಕು. ಮುಗಿದ ಕಾಮಗಾರಿಯೊಡನೆ ಕೆಟ್ಟುನಿಂತ ಕೊಳಾಯಿಯೂ, ಗುರುವಿಲ್ಲದ ಶಾಲೆಯೂ, ಅರ್ಧಕ್ಕೆ ನಿಂತ ರಸ್ತೆಯೂ ನಕಾಶೆಯಲ್ಲಿ ಕಾಣದಿದ್ದರೆ, ಕಟ್ಟಿದುದೆಲ್ಲವೂ ನಡೆಯುತ್ತಿದೆಯೆಂಬ ಭ್ರಾಂತಿಯು ಹುಟ್ಟುವುದು. ಆ ಭ್ರಾಂತಿಯಿಂದ ಎರಡನೆಯ ಬಾರಿ ಹಣವು ಅಲ್ಲಿಗೆ ಬಾರದೆ ಹೋಗುವುದು.

ಈ ಐದರಲ್ಲಿ ಹಲವು ಅಂಶಗಳು ಕೌಟಿಲ್ಯನ ಗೋಪನ ಪಟ್ಟಿಯಲ್ಲಿಯೇ ಇದ್ದುವು. ನಡುವಣ ಕಾಲದಲ್ಲಿ ಕಂದಾಯವೂ ಮರವೂ ಮಾತ್ರ ಉಳಿದು ಮಿಕ್ಕುವು ಬಿಟ್ಟುಹೋದುವು. ಅವನ್ನು ಮರಳಿ ತುಂಬುವಾಗ ಲೇಖನಿಯನ್ನು ಯಾರ ಕೈಯಲ್ಲಿ ಕೊಡಬೇಕೆಂಬುದೇ ಮುಖ್ಯವಾದ ಪ್ರಶ್ನೆ. ಬಿಳಿಗಿರಿಯ ದೃಷ್ಟಾಂತವು ಅದಕ್ಕೆ ಉತ್ತರವನ್ನು ಕೊಟ್ಟಿದೆ: ಯಂತ್ರವನ್ನು ಯಾರು ಹಿಡಿದರೂ ಸರಿ, ದಾರಿಯನ್ನು ತೋರಿಸುತ್ತ ಮುಂದೆ ನಡೆಯತಕ್ಕವರು ಆ ನೆಲದವರೇ ಆಗಿರಬೇಕು.